ಗಾನವಿಗೆ ಕಲಿಸಿದ ಅಟೆನ್ಷನ್

ಸುಂಟಿಕೊಪ್ಪ
೧೯ ಜನವರಿ ೨೦೨೫

ಪ್ರೀತಿಯ ಮಗ ಮಿಲನ್‌ಗೆ ಅಪ್ಪನ ಆಶೀರ್ವಾದ.

ನಿನ್ನ ಯೂನಿಟ್ ಇರುವ ಕಡೆ ಹಿಮ ಬೀಳುತ್ತಿದೆಯೆಂದು ಟಿ.ವಿ.ಯಲ್ಲಿ ನೋಡಿದೆ. ಕೆಮ್ಮು ಹೇಗಿದೆ? ನಾವೆಲ್ಲ ಕ್ಷೇಮ. ಫೋನಿನಲ್ಲಿ ಹೇಳಿದರೆ ನೀನು ‘ಆತ್ ಅಪ್ಪ’ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ.

ಗಾನವಿಯನ್ನು ಜೂನ್‌ನಿಂದ ಹಾಸ್ಟೆಲ್ ಶಾಲೆಗೆ ಹಾಕೋಣ, ಶಿಸ್ತು ಬರುತ್ತದೆ ಎಂದು ನೀನು ಫಾರಂ ಕಳಿಸಿದಾಗ ನಾನೂ ಹೂಂ ಎಂದಿದ್ದೆ. ನಿನ್ನ ಎಂಟು ವರ್ಷದ ಮಗಳು ಪಾಠದ ನಡುವೆ ಎದ್ದು ಓಡುತ್ತಾಳೆ, ಅರ್ಧ ಲೆಕ್ಕ ಬಿಟ್ಟು ಕಿಟಕಿ ನೋಡುತ್ತಾಳೆ ಎಂದು ದೂರು ಬಂದರೆ ಇನ್ನೇನು ಮಾಡುವುದು? ಅಷ್ಟರಲ್ಲಿ ಅವಳ ಕಾವ್ಯಶ್ರೀ ಟೀಚರ್, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಪೂಜಿತಾಳಿಗೆ ಹೇಳಿದರು. ನಿನ್ನ ಹೆಂಡತಿ ಸುಮ್ಮನೆ ಕೂರುವವಳೇ? ಮಡಿಕೇರಿಗೆ ಹೋದೆವು. ಡಾಕ್ಟರ್ ಎರಡು ಸಲ ಕರೆಸಿ, ಟೀಚರಿಂದಲೂ ಪ್ರಶ್ನೆಗಳ ಹಾಳೆ ತುಂಬಿಸಿ, ಇದು ಅಟೆನ್ಷನ್ ಕೊರತೆ ಎಂದರು. ಮುಂದಿನ ಮಾತು ನನ್ನ ಕಿವಿಗೆ ಹೋಗಲೇ ಇಲ್ಲ. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದವನಿಗೆ ಅಟೆನ್ಷನ್ ಕಲಿಸುವುದು ಯಾವ ಮಹಾ ಕೆಲಸ?

ಮರುದಿನದಿಂದಲೇ ಕಾಫಿ ಒಣಗಿಸುವ ಕಣದಲ್ಲಿ ಡ್ರಿಲ್. ಸಾವಧಾನ್, ವಿಶ್ರಾಮ್. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಆರನೇ ದಿನ ಮಗು ಅಲ್ಲಾಡದೆ ನಿಂತಿತ್ತು, ಕಣ್ಣಲ್ಲಿ ನೀರು. “ಕಾಲ್ ಇಲ್ಲೇ ಉಟ್ಟು ಅಜ್ಜ, ತಲೆ ಮಾತ್ರ ಓಡ್ತಾ ಉಟ್ಟು” ಎಂದಳು. ಕಾಲು ನಿಂತಿದೆ, ತಲೆ ನಿಂತಿಲ್ಲ ಎಂದು. ಪೂಜಿತಾ ಬಂದು ಅವಳನ್ನು ಎತ್ತಿಕೊಂಡು ಹೋದಳು. ನಾಚಿಕೆಯಾಯಿತು ಮಗಾ.

ಮತ್ತೆ ಡಾಕ್ಟರ ಹತ್ತಿರ ಹೋಗಿ, ಈ ಸಲ ಬಾಯಿ ಮುಚ್ಚಿ ಕೇಳಿಸಿಕೊಂಡೆ. ಇದು ಹಟವಲ್ಲ, ಸೋಮಾರಿತನವೂ ಅಲ್ಲ, ಅವಳ ಮಿದುಳು ಕೆಲಸ ಮಾಡುವ ರೀತಿಯೇ ಹಾಗಂತೆ. ಈಗ ಕ್ಲಾಸಿನಲ್ಲಿ ಮುಂದಿನ ಬೆಂಚು. ಮನೆಯಲ್ಲಿ ಹತ್ತು ನಿಮಿಷ ಓದು, ಕಣಕ್ಕೆ ಓಡಿ ಕಾಫಿ ಕೆದಕಿ ಬಂದು ಮತ್ತೆ ಹತ್ತು ನಿಮಿಷ. ತಿಂಗಳಿಗೊಮ್ಮೆ ಮಡಿಕೇರಿಗೆ ನಾನೇ ಕರೆದೊಯ್ಯುತ್ತೇನೆ, ಮೊಣಕಾಲು ಎಷ್ಟಾದರೂ ನೋಯಲಿ. ಮಂತ್ರಿಸಿದ ನೂಲು ಕಟ್ಟಿಸಿ ಎನ್ನುವವರಿದ್ದಾರೆ. ಕಟ್ಟಿಸಿಯೂ ಆಯಿತು, ಆದರೆ ಮಡಿಕೇರಿ ಬಸ್ಸು ತಪ್ಪಿಸುವುದಿಲ್ಲ.

ಕಾವೇರಮ್ಮ ನಿನ್ನನ್ನು ಕಾಯಲಿ. ಬೆಚ್ಚಗಿರು.

ನಿನ್ನ ಅಪ್ಪ,
ಪೊನ್ನಪ್ಪ

ವಿ.ಸೂ.: ಪೂಜಿತಾ ಅಂಚೆಗೆ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಮನೆಯಲ್ಲಿ ಮೊದಲು ಯಾರಾದರೂ ಹೀಗಿದ್ದರೇ ಎಂದು ಡಾಕ್ಟರ್ ಕೇಳಿದರು. ಇಲ್ಲ ಎಂದೆ. ಅದು ಸುಳ್ಳು. ನೀನಿದ್ದೆ. ನಾನು ಬೆತ್ತ ಹಿಡಿದೆ, ಎಂಟು ತುಂಬುತ್ತಲೇ ಹಾಸ್ಟೆಲಿಗೆ ಬಿಟ್ಟೆ. ಮನೆಗೆ ಕರೆದುಕೊಂಡು ಹೋಗಿ ಎಂದು ನೀನು ಬರೆದ ಕಾಗದ ಒಂದಕ್ಕೂ ಉತ್ತರ ಬರೆಯಲಿಲ್ಲ. ಕ್ಷಮಿಸು. ಮುಂದಿನ ತಿಂಗಳು ಡಾಕ್ಟರಿಗೆ ನಿಜ ಹೇಳುತ್ತೇನೆ. ಫಾರಂ ಹರಿದು ಹಾಕಿದ್ದೇನೆ, ಗಾನವಿ ಎಲ್ಲಿಗೂ ಹೋಗುವುದಿಲ್ಲ.