ಬಾಗಿಲು ತಟ್ಟಿದ್ದಕ್ಕೆ ಕೈ ಕಟ್ಟಿದವರಿಗೆ

ಮಾನ್ಯರೇ,

ಈ ಜಿಲ್ಲೆಯ ಜನರ ಮನಸ್ಸು ನೆಟ್ಟಗಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಹೊಣೆ ನಿಮ್ಮ ಕುರ್ಚಿಗೆ ಸೇರಿದ್ದು. ಆದ್ದರಿಂದ ನೇರವಾಗಿ ನಿಮಗೇ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನನ್ನ ನಾದಿನಿ ಗಾನಶ್ರೀಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳು ಮಾತಾಡುವುದು ಕೈಯಲ್ಲಿ. ನಿಮ್ಮ ವ್ಯವಸ್ಥೆ ಮೊದಲು ಆ ಕೈಗಳನ್ನು ಮಂಚಕ್ಕೆ ಕಟ್ಟಿತು, ಆಮೇಲೆ ಮಾತ್ರೆ ಕೊಟ್ಟು ನಡುಗಿಸಿತು, ಈಗ ರೋಗಿ ಸುಧಾರಿಸಿದ್ದಾಳೆ ಎನ್ನುತ್ತಿದೆ. ಅವಳ ಹೆಸರು ಕೇಳಿ ನಿಮ್ಮ ಶಿಬಿರದಲ್ಲಿ ಟೋಕನ್ ಕೊಡುವವರು ಒಮ್ಮೆ ನಕ್ಕಾಗಿದೆ. ತೊಟ್ಟಿಲಲ್ಲಿ ಹೆಸರಿಡುವಾಗ ಯಾರಿಗೂ ಗೊತ್ತಿರಲಿಲ್ಲ, ಸ್ವಾಮಿ. ನೀವು ಇನ್ನೊಮ್ಮೆ ನಗುವ ತೊಂದರೆ ತೆಗೆದುಕೊಳ್ಳಬೇಡಿ.

ಇದನ್ನೆಲ್ಲ ಮೊದಲು ಮರ್ಯಾದೆಯಾಗಿ ನಿಮ್ಮ ಕಚೇರಿಗೇ ಬರೆದಿದ್ದೆ. ಉತ್ತರವೂ ಬಂತು, ಸುಳ್ಳು ಹೇಳಬಾರದು. ಮನಸ್ಸಿಗೆ ಸಂಕಟವಾದವರು ಕಚೇರಿ ವೇಳೆಯಲ್ಲಿ ದೂರವಾಣಿ ಮೂಲಕ ಆಪ್ತಸಮಾಲೋಚಕರೊಡನೆ ಮಾತನಾಡಬಹುದು ಎಂದಿತ್ತು. ಕೆಳಗೆ ನಂಬರು. ಕಿವಿ ಕೇಳದವಳಿಗೆ ಫೋನು! ನಮ್ಮ ಕಡೆ ಮಾನಸಿಕ ಆರೋಗ್ಯ ಶಿಬಿರ ನಡೆಸುವಾಗಲೂ ನೀವು ಜೀಪಿಗೆ ಮೈಕ್ ಕಟ್ಟಿಸಿ ಕಳಸದಿಂದ ಸಂಸೆಯವರೆಗೆ ಕೂಗಿಸುತ್ತೀರಿ. ಶಿಬಿರದಲ್ಲಿ ಟೋಕನ್ ನಂಬರನ್ನೂ ಕೂಗಿಯೇ ಕರೆಯುತ್ತಾರೆ. ಕಿವುಡರಿಗೂ ಒಂದು ಮನಸ್ಸಿರುತ್ತದೆ, ಅದೂ ಒಮ್ಮೊಮ್ಮೆ ಮುರಿಯುತ್ತದೆ ಎಂಬ ಯೋಚನೆ ನಿಮ್ಮ ಇಲಾಖೆಯಲ್ಲಿ ಯಾರಿಗಾದರೂ, ಎಂದಾದರೂ ಬಂದದ್ದುಂಟೇ? ಬಂದಿದ್ದರೆ ಆ ಪುಣ್ಯಾತ್ಮರನ್ನು ಒಮ್ಮೆ ನೋಡುವ ಆಸೆ ನನಗಿದೆ.

ನಾನು ಸಂಸೆಗೆ ಸೊಸೆಯಾಗಿ ಬಂದಾಗ ಗಾನಶ್ರೀ ಇನ್ನೂ ಲಂಗ ಉಡುವ ಹುಡುಗಿ. ಶಾಲೆಗೆ ಕಳಿಸಿರಲಿಲ್ಲ. ಮನೆಯವರೇ ಮಾಡಿಕೊಂಡಿದ್ದ ನಾಲ್ಕಾರು ಸನ್ನೆಗಳಿದ್ದವು: ಹಸಿವಿಗೊಂದು, ಮಳೆಗೊಂದು, ರಕ್ತ ಹೀರುವ ಇಂಬಳಕ್ಕೊಂದು, ಅತ್ತ ಹೋಗು ಎನ್ನಲು ಒಂದು. 'ಯಾಕೆ' ಎಂದು ಕೇಳಲು ಅವಳಿಗೆ ಸನ್ನೆಯಿರಲಿಲ್ಲ. ಬೇಜಾರಾಗಿದೆ ಎನ್ನಲೂ ಇರಲಿಲ್ಲ. ಕಳಸದಲ್ಲಿ ಹೊಲಿಗೆ ಕ್ಲಾಸು ಶುರುವಾದಾಗ ನನ್ನ ಯಜಮಾನರು ಯಶವಂತ ಅವಳನ್ನು ಸೇರಿಸಿದರು. ಅಲ್ಲಿಗೆ ಕುದುರೆಮುಖದ ಟೌನ್‌ಶಿಪ್ಪಿನಿಂದ ಸೌಂದರ್ಯ ಎಂಬ ಹುಡುಗಿ ಬರುತ್ತಿದ್ದಳು. ಗಣಿ ಕಂಪನಿಯ ಲಾರಿ ಡ್ರೈವರೊಬ್ಬರ ಮಗಳು. ಅವಳಿಗೂ ಕಿವಿ ಕೇಳಿಸದು. ಆದರೆ ಅವಳು ದೂರದ ಊರಿನ ಕಿವುಡು ಮಕ್ಕಳ ಶಾಲೆಯಲ್ಲಿ ಓದಿ ಬಂದವಳು, ಕೈಯಲ್ಲಿ ಪೂರಾ ಒಂದು ಭಾಷೆ ಇಟ್ಟುಕೊಂಡಿದ್ದವಳು. ಹೊಲಿಗೆ ಇಬ್ಬರಿಗೂ ಎಷ್ಟು ಬಂತೋ ದೇವರಿಗೇ ಗೊತ್ತು. ವರ್ಷ ಕಳೆಯುವುದರೊಳಗೆ ನಮ್ಮ ಗಾನಶ್ರೀ ಮನೆಯಲ್ಲೆಲ್ಲ ದೊಡ್ಡ ವಾಚಾಳಿಯಾಗಿಬಿಟ್ಟಳು.

ಎಷ್ಟು ಮಾತು ಅಂತೀರಿ! ಅತ್ತೆ ಸೊಂಟ ಹಿಡಿದು ನಡೆಯುವುದು, ಅಣ್ಣ ಪಂಚೆ ಎತ್ತಿ ಕಟ್ಟುವುದು, ಎಲ್ಲಕ್ಕೂ ಅವಳ ಬಳಿ ಅಣಕವಿತ್ತು. ಒಬ್ಬೊಬ್ಬರಿಗೂ ಕೈಯಲ್ಲೇ ಒಂದೊಂದು ಹೆಸರಿಟ್ಟಳು. ಸೌಂದರ್ಯಳ ಗದ್ದದ ಮೇಲೊಂದು ಮಚ್ಚೆ. ಆದ್ದರಿಂದ ತೋರುಬೆರಳನ್ನು ಗದ್ದಕ್ಕೆ ಮುಟ್ಟಿಸಿದರೆ ಸೌಂದರ್ಯ. ಹುಬ್ಬು ಗಂಟಿಕ್ಕಿ ಸೊಂಟದ ಮೇಲೆ ಕೈಯಿಟ್ಟರೆ ನಾನು. ಆ ಹೆಸರು ಯಾಕೆ ಬಂತೆಂದು ಇಷ್ಟು ಹೊತ್ತಿಗೆ ತಮಗೂ ತಿಳಿದಿರಬೇಕು. ನಾನೂ ಅವಳಿಂದ ಅಷ್ಟಿಷ್ಟು ಕಲಿತೆ. ಆದರೆ ಅವಳ ಅರ್ಧ ಮಾತು ನನ್ನ ತಲೆಯ ಮೇಲೇ ಹೋಗುತ್ತಿತ್ತು. ಪೂರ್ತಿ ತಿಳಿಯುತ್ತಿದ್ದದ್ದು ಸೌಂದರ್ಯ ಒಬ್ಬಳಿಗೇ.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಆಸ್ಪತ್ರೆಯವರ ಕಾಗದದಲ್ಲಿ 'ಕಲ್ಲು ಎಸೆಯುವ ಪ್ರವೃತ್ತಿ, ಹಿಂಸಾತ್ಮಕ' ಎಂದು ಬರೆದಿದೆಯಲ್ಲ, ಆ ಕಲ್ಲು. ಗಾನಶ್ರೀ ಆಗಾಗ ಬಸ್ಸು ಹತ್ತಿ ಸೌಂದರ್ಯಳ ಕ್ವಾರ್ಟರ್ಸಿಗೆ ಹೋಗುತ್ತಿದ್ದಳು. ನಾನೂ ಜೊತೆಗೆ ಹೋಗಿದ್ದುಂಟು. ಸೌಂದರ್ಯ ಬಾಗಿಲಿಗೆ ಬೆನ್ನು ಹಾಕಿ ಮಿಷಿನ್ ತುಳಿಯುತ್ತ ಕೂತಿರುತ್ತಿದ್ದಳು. ಹಾಗೆ ಕೂತ ಕಿವುಡಿಯನ್ನು ನೀವು ಹೇಗೆ ಕರೆಯುತ್ತೀರಿ, ಹೇಳಿ ನೋಡೋಣ? ಬಾಗಿಲು ಬಡಿದರೆ ಕೇಳದು, ಬೆಲ್ ಒತ್ತಿದರೆ ಕೇಳದು. ಗಾನಶ್ರೀ ರಸ್ತೆಯಿಂದ ಬಟಾಣಿ ಗಾತ್ರದ ಹರಳೊಂದನ್ನು ಆರಿಸಿ, ತೆರೆದ ಕಿಟಕಿಯಿಂದ ಒಳಗೆ ಹಾಕುತ್ತಿದ್ದಳು. ಅದು ಉರುಳಿ ಮಿಷಿನ್ನಿನ ಮುಂದೆ ಬೀಳುತ್ತಿತ್ತು. ಸೌಂದರ್ಯ ನಗುತ್ತ ಎದ್ದು ಬಂದು ಬಾಗಿಲು ತೆಗೆಯುತ್ತಿದ್ದಳು. ಕಾಣದೇ ಹೋದರೆ ಇನ್ನೊಂದು, ಸ್ವಲ್ಪ ದೊಡ್ಡದು. ನಾವು ಬಾಗಿಲು ತಟ್ಟುವ ಹಾಗೆ ಅವರು ಹರಳು ಹಾಕುತ್ತಿದ್ದರು, ಅಷ್ಟೇ.

ಕೋರ್ಟು ಹೇಳಿ ಗಣಿ ನಿಂತದ್ದು ನಿಮಗೂ ಗೊತ್ತು. ನಿಲ್ಲಬೇಕಿತ್ತೋ ಬೇಡವೋ ಎಂಬ ಚರ್ಚೆ ನನ್ನದಲ್ಲ. ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾದವು. ಮರುವರ್ಷದ ಮಳೆಗಾಲದಲ್ಲಿ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ದಿನಗಳಲ್ಲಿ, ಸೌಂದರ್ಯಳ ಅಪ್ಪನಿಗೆ ಸಂಡೂರಿನ ಕಡೆ ಕೆಲಸ ಸಿಕ್ಕಿ, ಗಡಿಬಿಡಿಯಲ್ಲಿ ಮನೆ ಖಾಲಿ ಮಾಡಿದರು. ನಮಗೆ ಸುದ್ದಿ ಮುಟ್ಟಲಿಲ್ಲ. ಮಳೆ ಬಿಟ್ಟು ಹೊಳವಾದದ್ದೇ ಗಾನಶ್ರೀ ಹೊರಟಳು. ಕಿಟಕಿ ಮುಚ್ಚಿತ್ತು. ಹರಳು ಗಾಜಿಗೆ ತಾಗಿ ಕೆಳಗೆ ಬಿತ್ತು. ಯಾರೂ ಬರಲಿಲ್ಲ. ಸ್ವಲ್ಪ ದೊಡ್ಡದು ಎಸೆದಳು. ಮತ್ತೂ ದೊಡ್ಡದು ಎಸೆದಳು. ಗಾಜು ಒಡೆಯಿತು. ಹಿಂದಿನಿಂದ ಬಂದ ಕಾವಲುಗಾರ ಅವಳ ಭುಜ ಹಿಡಿದ. ಹೆಜ್ಜೆಯ ಸಪ್ಪಳವೇ ಕೇಳದವಳನ್ನು ಬೆನ್ನ ಹಿಂದಿನಿಂದ ಗಪ್ಪನೆ ಹಿಡಿದರೆ ಏನಾಗುತ್ತದೆ? ಕಿರುಚಿದಳು, ಕೊಸರಿಕೊಂಡಳು, ಎರಡೂ ಕೈ ಆಡಿಸಿ ಕೇಳಬೇಕಾದ್ದನ್ನೆಲ್ಲ ಕೇಳಿದಳು. ಆ ಮನುಷ್ಯನೂ ಹೆದರಿರಬೇಕು, ಅವನನ್ನು ನಾನು ದೂರುವುದಿಲ್ಲ. ಹುಚ್ಚಿ ಎಂದು ಜೀಪಿನಲ್ಲಿ ಹಾಕಿಕೊಂಡು ಹೋದರು.

ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ನಾವು ಹೋದಾಗ ಅವಳ ಎರಡೂ ಮಣಿಕಟ್ಟನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಬಿಗಿದಿದ್ದರು.

"ಎಂತಕ್ಕೆ ಕಟ್ಟಿದ್ದೀರಿ?" ಎಂದು ನರ್ಸನ್ನು ಕೇಳಿದೆ.

"ಸುಮ್ನೆ ಕೈ ಬೀಸ್ತಾಳೆ ಮೇಡಂ, ಹೊಡೆಯೋಕೇ ಬರ್ತಾಳೆ."

"ಹೊಡೆಯೋದಲ್ಲ ಮಾರಾಯ್ತಿ, ಮಾತಾಡ್ತಾ ಇದ್ದಾಳೆ! ಮೊದ್ಲು ಕೈ ಬಿಚ್ಚಿ."

"ಡಾಕ್ಟ್ರು ಹೇಳ್ಬೇಕು."

ಡಾಕ್ಟರು ಮಾರನೆಯ ದಿನ ಬರುವವರಿದ್ದರು. ಗಾನಶ್ರೀ ನನ್ನನ್ನು ನೋಡಿ ತೋರುಬೆರಳನ್ನು ಎತ್ತಿದಳು. ಬೆರಳು ಗದ್ದಕ್ಕೆ ತಲುಪಬೇಕಿತ್ತು. ಕಟ್ಟು ಬಿಡಲಿಲ್ಲ. ಕತ್ತು ಬಗ್ಗಿಸಿ ಗದ್ದವನ್ನೇ ಬೆರಳಿನ ಹತ್ತಿರ ತರಲು ನೋಡಿದಳು. ಗೆಳತಿಯ ಹೆಸರು ಹೇಳಲಿಕ್ಕೂ ಅವಳಿಗೆ ಆಗಲಿಲ್ಲ, ಮಾನ್ಯರೇ. ನಿಮ್ಮ ಆಸ್ಪತ್ರೆಗಳಲ್ಲಿ ಕಿರುಚಾಡುವ ಕಿವಿಯುಳ್ಳವರ ಬಾಯಿಗೆ ಬಟ್ಟೆ ತುರುಕುತ್ತೀರಾ? ಇಲ್ಲವಲ್ಲ. ಇವಳಿಗೆ ಮಾಡಿದ್ದು ಅದನ್ನೇ.

ಮಾರನೆಯ ದಿನ ಬಂದ ಡಾಕ್ಟರು ಕೆಟ್ಟವರಲ್ಲ. ಹೊರಗೆ ದೊಡ್ಡ ಸಾಲಿತ್ತು, ಅವರೊಬ್ಬರೇ ಇದ್ದರು. ಅವರು ನನ್ನ ಮೂಲಕ ವಿಚಾರಣೆ ಶುರುಮಾಡಿದರು.

"ಕಿವಿಯಲ್ಲಿ ಯಾರಾದ್ರೂ ಮಾತಾಡಿದ ಹಾಗೆ ಕೇಳಿಸುತ್ತಾ, ಕೇಳಿ."

"ಸಾರ್, ಅವಳಿಗೆ ಕಿವಿಯೇ ಕೇಳೋದಿಲ್ಲ."

"ಗೊತ್ತಮ್ಮ. ಆದ್ರೂ ಕೇಳ್ಬೇಕು."

ನಾನು ಹರಳಿನ ಕಥೆ ಹೇಳಿದೆ. ತಲೆಯಾಡಿಸಿದರು. ಇಂಜೆಕ್ಷನ್ ಆಯಿತು, ಮನೆಗೆ ಮಾತ್ರೆ ಬಂತು. ತಿಂಗಳೊಪ್ಪತ್ತಿನಲ್ಲಿ ಅವಳ ಕೈಗಳಿಗೆ ನಡುಕ ಹತ್ತಿತು. ತಟ್ಟೆಯಿಂದ ಅನ್ನ ಬಾಯಿಗೆ ಬರುವುದರೊಳಗೆ ಅರ್ಧ ಚೆಲ್ಲುತ್ತದೆ. ಸನ್ನೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನನಗೆ ತಿಳಿಯುತ್ತಿದ್ದ ಅರ್ಧವೂ ಈಗ ತಿಳಿಯುವುದಿಲ್ಲ. ಹೇಳಿ ಹೇಳಿ ಸೋತು, ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂರಲು ಶುರುಮಾಡಿದಳು. "ಈಗ ಹುಡುಗಿ ಎಷ್ಟು ಸಮಾಧಾನ ಆಗಿದ್ದಾಳೆ ನೋಡು," ಎಂದು ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಮುಂದಿನ ಶಿಬಿರದಲ್ಲಿ ಡಾಕ್ಟರೂ ಸಂತೋಷಪಟ್ಟರು. ಕೈ ನಡುಗುವುದರಿಂದ ಅವಳಿಗೆ ಮಾತಾಡಲು ಆಗುತ್ತಿಲ್ಲ ಎಂದು ನಾನು ಹೇಳಿದ್ದಕ್ಕೆ ಅವರು ತಾಳ್ಮೆಯಿಂದಲೇ ಉತ್ತರಿಸಿದರು: "ಅವಳು ಮೊದಲಿಂದಲೂ ಮಾತಾಡ್ತಿರಲಿಲ್ಲವಲ್ಲಮ್ಮ?"

ಆ ಮಾತಿಗೆ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆನಂತೆ. ನಮ್ಮ ಯಜಮಾನರು ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

ಅವಳಿಗೆ ಏನೂ ಆಗಿಲ್ಲ, ಎಲ್ಲ ನಿಮ್ಮದೇ ಸೃಷ್ಟಿ ಎಂದು ನಾನು ವಾದಿಸುತ್ತಿಲ್ಲ. ಆಗಿದೆ. ಅವಳು ತಲೆ ಬಾಚಿಕೊಳ್ಳುವುದಿಲ್ಲ, ಊಟ ಬೇಡ ಎನ್ನುತ್ತಾಳೆ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಹೋಗಿ ಕೂತರೆ ಎಬ್ಬಿಸಿ ತರುವುದೇ ಕಷ್ಟ. ಲೋಕದಲ್ಲಿ ತನ್ನ ಮಾತು ತಿಳಿಯುತ್ತಿದ್ದ ಒಂದೇ ಜೀವ ಹೇಳದೆ ಕೇಳದೆ ಹೋದರೆ ಯಾರ ಮನಸ್ಸು ತಾನೇ ಕೆಡುವುದಿಲ್ಲ? ಮಾತ್ರೆ ಬೇಕೋ ಬೇಡವೋ ನಾನು ಹೇಳಬಲ್ಲವಳಲ್ಲ. ಆದರೆ 'ನಿನಗೆ ಏನಾಗಿದೆ' ಎಂದು ಅವಳ ಭಾಷೆಯಲ್ಲಿ ಇವತ್ತಿನವರೆಗೆ ಯಾರೂ ಅವಳನ್ನು ಕೇಳಿಲ್ಲ. ಕೇಳದೆಯೇ ರೋಗ ಗೊತ್ತಾಯಿತು, ಕೇಳದೆಯೇ ಗುಣವೂ ಆಯಿತು. ಇಂಥ ಚಿಕಿತ್ಸೆ ಇನ್ನೆಲ್ಲಿ ಸಿಕ್ಕೀತು?

ಈಗ ಮುಖ್ಯ ಸಂಗತಿ. ಹಳೆಯ ನೆರೆಯವರೊಬ್ಬರಿಂದ ನಮಗೆ ಸೌಂದರ್ಯಳ ವಿಳಾಸ ಸಿಕ್ಕಿತು. ಬರೆದೆವು. ಮುಂದಿನ ಶಿಬಿರಕ್ಕೆ ಬಂದು ಗಾನಶ್ರೀಯ ಪಕ್ಕ ಕೂತು, ಡಾಕ್ಟರು ಬರೆದು ಕೇಳಿದ್ದನ್ನು ಅವಳಿಗೆ ಸನ್ನೆಯಲ್ಲಿ, ಅವಳು ಹೇಳಿದ್ದನ್ನು ಬರೆದು ಡಾಕ್ಟರಿಗೆ ತಿಳಿಸಲು ಸೌಂದರ್ಯ ಒಪ್ಪಿದ್ದಾಳೆ. ನಿಮ್ಮ ಕಚೇರಿಯನ್ನು ಕೇಳಿದ್ದು ಇದೊಂದು ಅನುಮತಿ. ಅದೇ ಉತ್ತರದಲ್ಲಿ ನೀವು ರೋಗಿಯ ಗೌಪ್ಯತೆಯ ದೃಷ್ಟಿಯಿಂದ ಸಂಬಂಧಿಕರಲ್ಲದವರಿಗೆ ಒಳಗೆ ಪ್ರವೇಶವಿಲ್ಲ ಎಂದಿರಿ. ಆಹಾ, ಗೌಪ್ಯತೆ! 'ಕಲ್ಲು ಹೊಡಿಯೋ ಮೂಗಿ ಎಲ್ಲಿ, ಮುಂದೆ ಬರ್ಲಿ' ಎಂದು ನಿಮ್ಮ ಅಟೆಂಡರು ಅಷ್ಟೂ ಜನರ ನಡುವೆ ಕೂಗಿದಾಗ ಈ ಗೌಪ್ಯತೆ ಎಲ್ಲಿಗೆ ಹೋಗಿತ್ತು?

ಮೊನ್ನೆ ನಾನು ಕಣದಲ್ಲಿ ಕಾಫಿ ಹಣ್ಣು ಕೆದರುತ್ತಿದ್ದೆ. ನನ್ನ ಕಾಲ ಬಳಿ ಒಂದು ಹಣ್ಣು ಬಂದು ಬಿತ್ತು. ಇನ್ನೊಂದು ಎಲ್ಲೋ ಅತ್ತ ಹೋಯಿತು. ತಿರುಗಿದರೆ ಗಾನಶ್ರೀ ಜಗಲಿಯ ಮೇಲೆ ನಿಂತಿದ್ದಳು. ಎಷ್ಟೋ ತಿಂಗಳ ಮೇಲೆ ತಾನಾಗಿ ನನ್ನನ್ನು ಕರೆದಿದ್ದಳು. ಬೆರಳೆತ್ತಿದಳು. ಅದು ನಡುಗುತ್ತ ಕೆನ್ನೆಗೆ ಹೋಯಿತು, ತುಟಿಗೆ ಹೋಯಿತು, ಕೊನೆಗೆ ಎಡಗೈಯಿಂದ ಬಲಗೈ ಹಿಡಿದುಕೊಂಡು ಗದ್ದಕ್ಕೆ ಮುಟ್ಟಿಸಿದಳು. ಸೌಂದರ್ಯ. ಅದರ ಮುಂದಿನ ಮಾತು ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದಳು, ಮತ್ತೆಯೂ ತಿಳಿಯಲಿಲ್ಲ. ಯಾವಾಗ ಬರುತ್ತಾಳೆ ಎಂದಿರಬಹುದು. ಈ ಕೈ ಅವಳಿಗೆ ತೋರಿಸಲಾರೆ, ಬರಬೇಡ ಅನ್ನು ಎಂದೂ ಇರಬಹುದು. ನಾನು ಅತ್ತುಬಿಟ್ಟೆ. ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಒಳಗೆ ಹೋದಳು.

ಆದ್ದರಿಂದ ನನ್ನ ಒತ್ತಾಯ: ಮುಂದಿನ ಶಿಬಿರದಲ್ಲಿ ಸೌಂದರ್ಯಳನ್ನು ಒಳಗೆ ಬಿಡಿ. ಆ ನಡುಕಕ್ಕೆ ಏನು ಮಾಡಬೇಕೆಂದು ಡಾಕ್ಟರು ಯೋಚಿಸಲಿ, ಸುಮ್ಮನಿದ್ದಾಳೆ ಎಂಬುದನ್ನು ಗುಣವೆಂದು ಬರೆಯದಿರಲಿ. 'ಹಿಂಸಾತ್ಮಕ' ಎಂಬ ಪದವನ್ನು ಹೊಡೆದುಹಾಕಿ. ಶಿಬಿರಗಳಿಗೆ ಸನ್ನೆ ಭಾಷೆ ಬಲ್ಲ ಒಬ್ಬರನ್ನು ಕರೆಸುವ ಏರ್ಪಾಡು ಮಾಡಿ. ಅಲ್ಲಿಯವರೆಗೆ ಇನ್ನೊಬ್ಬ ಕಿವುಡರ ಕೈಯನ್ನು ಮಂಚಕ್ಕೆ ಕಟ್ಟಬೇಡಿ.

ಖಾಸಗಿಯಾಗಿ ಬರೆದಾಗ ನೀವು ತಿರುಗಿ ನೋಡಲಿಲ್ಲ. ಇದು ಅದಕ್ಕಿಂತ ಸ್ವಲ್ಪ ದೊಡ್ಡದು. ಗಾಜು ಒಡೆದರೆ ಒಡೆಯಲಿ, ಒಳಗೆ ಯಾರಾದರೂ ಇದ್ದರೆ ದಯವಿಟ್ಟು ಎದ್ದು ಬಂದು ಬಾಗಿಲು ತೆಗೆಯಿರಿ.

ಇಂತಿ,
ನಿಮ್ಮ ಕಾಗದಗಳಲ್ಲಿ 'ರೋಗಿಯ ಕಡೆಯವರು, ಜಗಳಗಂಟಿ' ಎಂದು ದಾಖಲಾಗಿರಬಹುದಾದ,
ನಾದಿನಿಯ ಮಾತು ಅರ್ಧವೂ ತಿಳಿಯದ ಅತ್ತಿಗೆ,
ಕಾತ್ಯಾಯಿನಿ
ಸಂಸೆ, ಫೆಬ್ರವರಿ ೨೦೦೭