ಹಿಂದಿನ ಸೀಟಿಗೆ ಮಾತು ಕೇಳಿಸಲು

ಜೂನ್ ೧೪, ಭಾನುವಾರ

ಕಾರಿನ ಆ ಗುಂಯ್ ಸದ್ದು ಎಲ್ಲಿಂದ ಬರುತ್ತದೆ ಎಂಬುದೇ ಇವತ್ತೆಲ್ಲ ತಲೆ ಕೊರೆಯುತ್ತಿತ್ತು. ಕಿವಿಗೆ ಶ್ರವಣಯಂತ್ರ ಬಂದ ಮೇಲೆ ಅಮ್ಮ ನಮ್ಮ ಕಾರು ಹತ್ತುವುದನ್ನೇ ಬಿಟ್ಟಿದ್ದಾಳೆ. "ನೀನೂ ನಿನ್ನ ಹೆಂಡ್ತಿನೂ ಮುಂದೆ ಮಾತಾಡ್ಕೊಂಡು ನಗ್ತೀರಿ. ನಂಗೆ ಬರೀ ಗುಂಯ್ ಅನ್ನುತ್ತೆ" ಎಂದಿದ್ದಳು.

ಬೆಳಿಗ್ಗೆ ಬಾಗಿಲಿನ ಒಳಹೊದಿಕೆ ಬಿಚ್ಚಿ ತಗಡಿಗೆ ಬೆರಳಿನಿಂದ ಬಡಿದೆ. ಟಣ್ ಎಂದಿತು. ಅಂಟುವ ದಪ್ಪ ರಬ್ಬರ್ ಹಾಳೆಯನ್ನು ಅಂಗೈಯಗಲ ಹಚ್ಚಿ ಬಡಿದರೆ, ದಬ್! ಅಷ್ಟು ಸಣ್ಣ ತುಂಡು ಇಡೀ ತಗಡಿನ ಬಾಯಿ ಮುಚ್ಚಿಸಿದ್ದು ಹೇಗೋ. ಇನ್ನೊಂದು ಬಾಗಿಲಿಗೆ ಸ್ಪಂಜು ಹಚ್ಚಿ ನೋಡಿದೆ. ಟಣ್ ಹಾಗೇ ಇತ್ತು. ನಡುಗುವ ತಗಡಿಗೆ ಭಾರವೇ ಬೇಕೇನೋ.

ನಾಲ್ಕೂ ಬಾಗಿಲಿಗೆ ರಬ್ಬರ್ ಹಚ್ಚಿ ಓಡಿಸಿದರೂ ಗುಂಯ್ ಹೋಗಲಿಲ್ಲ. ಕೊನೆಗೆ ಅಮ್ಮನನ್ನೇ ಪುಸಲಾಯಿಸಿ ಹಿಂದೆ ಕೂರಿಸಿಕೊಂಡು ಹೊರಟೆವು. ಅವಳು ಯಂತ್ರ ತೆಗೆದು, ಚಪ್ಪಲಿ ಕಳಚಿ, ಬರಿಗಾಲನ್ನು ಅಲ್ಲಲ್ಲಿ ಊರಿ ನೋಡಿದಳು. "ಬಾಗ್ಲಲ್ಲ ಕಣೋ. ಇಲ್ಲಿ, ಚಕ್ರದ ಹತ್ರ. ಕಾಲು ಜುಮ್ ಅನ್ನುತ್ತೆ."

ಎಲಾ! ಇದು ನನಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನವೆಲ್ಲ ಹಿಂದಿನ ಚಕ್ರಗಳ ಮೇಲಿನ ತಗಡಿಗೆ ರಬ್ಬರ್, ಅದರ ಮೇಲೆ ಕಂಬಳಿಯಂಥ ದಪ್ಪ ಹಾಸು ಹಾಕಿದೆ. ಸಂಜೆ ಮತ್ತೆ ಹೊರಟಾಗ ಅಮ್ಮ ಯಂತ್ರ ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ನಾನು ಹೆಂಡತಿಗೆ ಮೆಲ್ಲಗೆ, "ಸದ್ದು ಕಮ್ಮಿಯಾಗಿದ್ರೂ ಈ ಮೊಂಡಿ ಒಪ್ಕೊಳಲ್ಲ ನೋಡು" ಎಂದೆ.

"ಯಾರೋ ಮೊಂಡಿ?" ಎಂದಳು ಅಮ್ಮ, ಹಿಂದಿನಿಂದ.

ಮನೆ ಬಂದರೂ ಇಳಿಯಲೊಲ್ಲಳು. ಇನ್ನೊಂದು ಸುತ್ತು ಹೋಗೋಣ ಎಂದಳು.

ಇನ್ನು ಕಾರಿನ ಛಾವಣಿಗೆ ಏನು ಹಾಕುವುದೋ. ಅಲ್ಲಿ ಭಾರ ಹೆಚ್ಚಾದರೆ, ಬಿಸಿಲಿಗೆ ಅಂಟು ಸಡಿಲವಾಗಿ ಅಮ್ಮನ ತಲೆ ಮೇಲೇ ಬಿದ್ದೀತು.