ಬೆರಳು ತಾಗಿಸಿ ಹೋಗು

ಸಿಬು ಪಟ್ಟಣ
ಅಕ್ಟೋಬರ್ 14, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಕ್ಯಾಂಪಿನ ಅಡುಗೆಮನೆಯಲ್ಲಿ ಆ ದೊಡ್ಡ ಅನ್ನದ ಪಾತ್ರೆಗಳನ್ನು ಒಬ್ಬಳೇ ಎತ್ತಬೇಡ ಎಂದು ಹೋದ ಸಲವೂ ಬರೆದಿದ್ದೆ. ಎತ್ತುತ್ತಲೇ ಇದ್ದೀಯ ಎಂದು ಗೊತ್ತು. ದಿನವಿಡೀ ಮರ ಕಡಿದು ಉರುಳಿಸುವ ಅರವತ್ತು ಗಂಡಸರಲ್ಲಿ ಒಬ್ಬನಿಗೂ ನಿನ್ನ ಪಾತ್ರೆಗೆ ಕೈ ಕೊಡಲು ಆಗುವುದಿಲ್ಲವೇ? ಮುಲಾಮು ಮುಗಿದಿದ್ದರೆ ಲಾರಿಯವನ ಕೈಲಿ ಹೇಳಿ ಕಳಿಸು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಆದರೆ ಅದು ಸುಳ್ಳಾಗುತ್ತದೆ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅತ್ತೆಯ ಈ ಮನೆಯಲ್ಲಿ ಫೋನಿನ ಮಾತು ಗೋಡೆಯಾಚೆಗೂ ಕೇಳಿಸುತ್ತದೆ, ನಾನು ಬರೆಯಲಿರುವುದು ಯಾರ ಕಿವಿಗೂ ಬೀಳಬಾರದು.

ಕಾಲೇಜಿಗೆ ಸೇರಿದಾಗ ಮಾಡಿದ ರಕ್ತ ಪರೀಕ್ಷೆಯಲ್ಲಿ ನನ್ನ ಮೂರು ತಿಂಗಳ ಸರಾಸರಿ ಶುಗರ್ 6.1 ಬಂದಿತ್ತು ಎಂದು ಬರೆದಿದ್ದೆನಲ್ಲ. "ಗಡಿ ಮೇಲೆ ನಿಂತಿದ್ದೀಯ. ಈಗ್ಲೇ ಬಾಯಿ ಕಟ್ಟಿದ್ರೆ ವಾಪಸ್ ಬರ್ತೀಯ, ಇಲ್ಲಾಂದ್ರೆ ಹತ್ತೊಂಬತ್ತಕ್ಕೇ ಮಾತ್ರೆ" ಎಂದು ಕ್ಲಿನಿಕ್ಕಿನ ನರ್ಸ್ ಹೇಳಿದ್ದರು. ಅಜ್ಜಿಯ ಕಾಲನ್ನು ಮಂಡಿಯ ಕೆಳಗೆ ತೆಗೆದದ್ದು ನೆನಪಾಗಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನದ ಡಬ್ಬಿಗೆ ಕೆಂಪಕ್ಕಿ ಅನ್ನ, ಜರಿಗಿಡದ ಚಿಗುರಿನ ಪಲ್ಯ, ಬೇಯಿಸಿದ ಮೀನು. ಸಿಹಿ ಇಲ್ಲ, ಕರಿದದ್ದಿಲ್ಲ, ಹಂದಿಯ ಕೊಬ್ಬಿಲ್ಲ. ಹನ್ನೊಂದು ವಾರ ಅಮ್ಮಾ, ಒಂದು ದಿನವೂ ತಪ್ಪಿಲ್ಲ. ಹೋದ ಶುಕ್ರವಾರ ಮತ್ತೆ ಪರೀಕ್ಷೆ ಮಾಡಿದರು. 6.3! ಇಳಿಯಬೇಕಾದದ್ದು ಏರಿದೆ. ನರ್ಸ್ ಕನ್ನಡಕದ ಮೇಲಿಂದ ನೋಡಿ, "ಸುಳ್ಳು ಹೇಳೋಳು ನೀನೊಬ್ಬಳೇ ಅಲ್ಲ ಬಿಡಮ್ಮ" ಎಂದರು. ಡಿಸೆಂಬರಿನಲ್ಲಿ ಇನ್ನೊಂದು ಪರೀಕ್ಷೆ, ಅದರಲ್ಲೂ ಇಳಿಯದಿದ್ದರೆ ಮಾತ್ರೆ ಶುರು. ಅಳು ಬಂತು, ಆಮೇಲೆ ಲಾಜಿಕ್ ಬಂತು. ನಾನು ತಪ್ಪಿಲ್ಲ ಎಂದಾದರೆ, ತಪ್ಪು ನಡೆಯುತ್ತಿರುವುದು ಅಡುಗೆಮನೆಯಲ್ಲಿ.

ನಿನ್ನ ನಾದಿನಿಯ ಗುಣವನ್ನು ನಿನಗೆ ಹೇಳಬೇಕೆ? ಮೊದಲ ದಿನವೇ ಮಿಂಡು ಅತ್ತೆ ನನ್ನ ಓಟ್ಸ್ ಡಬ್ಬಿಯನ್ನು ಮೂಸಿ ನೋಡಿ, "ಏನೇ ಇದು, ಕೋಳಿಮರಿಗೆ ಹಾಕೋ ನುಚ್ಚಾ? ನಿಮ್ಮಪ್ಪ ಇದ್ದಿದ್ರೆ ಇದನ್ನ ನದಿಗೆ ಎಸೀತಿದ್ದ" ಎಂದರು. ಸಂಗಾವ್ ಮಾವ ಪೇಪರಿನ ಹಿಂದಿನಿಂದ, "ಮೀನಿಗೂ ಬೇಡವಾಗ್ತಿತ್ತು" ಎಂದರು. ನಾನೇ ಬೇಯಿಸಿಕೊಳ್ಳುತ್ತೇನೆ ಎಂದರೆ ಅತ್ತೆ ಒಲೆಯ ಹತ್ತಿರ ಬಿಡುವುದಿಲ್ಲ. ಗಂಜಿ ಅವರೇ ಕಲಸಬೇಕು, ಡಬ್ಬಿ ಅವರೇ ತುಂಬಬೇಕು, ಅದೂ ನನಗೆ ಬೆನ್ನು ಮಾಡಿಕೊಂಡು. ಇದರ ಮೇಲೆ ದಿನಕ್ಕೆ ಹತ್ತು ಸಲ ಎದುರಿಗೆ ಏನಾದರೂ ತಂದಿಡುತ್ತಾರೆ. ಬೆಳಿಗ್ಗೆ ಹಂದಿ ಕೊಬ್ಬಿನಲ್ಲಿ ಕಲಸಿದ ನೂಡಲ್ಸ್, ಸಂಜೆ ಗಟ್ಟಿ ಸಿಹಿ ಹಾಲಿನ ಕಾಫಿ, ಚರ್ಚಿನಿಂದ ಬಂದವರು ಕೊಟ್ಟ ಬಣ್ಣ ಬಣ್ಣದ ಪದರ ಕೇಕು. ನಾನು ಶಾಲೆಯ ಹಾಸ್ಟೆಲಿನಲ್ಲಿ ಕಲಿತ ಹಾಗೆ ಎದೆಯ ಮೇಲೆ ಕೈಯಿಟ್ಟು 'ನೋ ಥ್ಯಾಂಕ್ಸ್ ಅತ್ತೆ' ಎಂದು ಎದ್ದು ಬಿಡುತ್ತೇನೆ. ಅವರು ಬಾಗಿಲವರೆಗೂ ತಟ್ಟೆ ಹಿಡಿದುಕೊಂಡು ಬಂದು, "ತಿನ್ನಬೇಡ ಮಾರಾಯ್ತಿ, ಬೆರಳಾದ್ರೂ ತಾಗಿಸಿ ಹೋಗೇ" ಎನ್ನುತ್ತಾರೆ. ಈ ತಂತ್ರ ನನಗೆ ತಿಳಿಯುವುದಿಲ್ಲವೇ? ಇವತ್ತು ಬೆರಳು, ನಾಳೆ ಒಂದು ಚೂರು, ನಾಡಿದ್ದು ಪೂರ್ತಿ ತಟ್ಟೆ. ಕ್ಲಿನಿಕ್ಕಿನವರು ಕೊಟ್ಟ ಹಾಳೆಯಲ್ಲೂ ಹಾಗೇ ಬರೆದಿದೆ. ಅದಕ್ಕೇ ನಾನು ಬೆರಳನ್ನೂ ತಾಗಿಸಿಲ್ಲ.

ಈಗ ನಿಜವಾದ ಪ್ರೂಫ್. ನಿನ್ನೆ ಬೆಳಿಗ್ಗೆ ನಾನು ಬಚ್ಚಲಲ್ಲಿದ್ದಾಗ ಮಾವ ಕೇಳುತ್ತಿದ್ದರು: "ಹಾಕಿದ್ಯಾ?" ಅತ್ತೆ: "ಹಾಕ್ದೆ. ಒಂದೊಂದೇ ಚಮಚ." ಮಾವ: "ಗೊತ್ತಾಗಲ್ವಾ ಅವಳಿಗೆ?" ಅತ್ತೆ: "ಎಲ್ಲಿ ಗೊತ್ತಾಗತ್ತೆ, ಪುಸ್ತಕ ನೋಡ್ಕೊಂಡು ನುಂಗ್ತಾಳೆ." ನಾನು ನಲ್ಲಿ ನಿಲ್ಲಿಸಿ ಉಸಿರು ಹಿಡಿದು ನಿಂತೆ. ಏನು ಹಾಕುತ್ತಿದ್ದಾರೆ? ನಾನು ಸೊರಗಿದರೆ ಚರ್ಚಿನವರು ಅತ್ತೆ ಊಟ ಹಾಕುವುದಿಲ್ಲ ಎಂದು ಆಡಿಕೊಳ್ಳುತ್ತಾರೆ, ಅದಕ್ಕೆ ದಪ್ಪ ಮಾಡಲು ಏನಾದರೂ ಹಾಕುತ್ತಿರಬಹುದು. ಇಲ್ಲವಾದರೆ ನದಿಯ ಮೇಲ್ಭಾಗದ ಊರಿನ ಯಾವುದೋ ನಾಟಿ ವೈದ್ಯನ ಪುಡಿ. ನಿನ್ನೆಯಿಂದ ಗಂಜಿ ಬಾಯಲ್ಲಿಟ್ಟರೆ ಪ್ರತಿ ತುತ್ತಿಗೂ ಬೇರೆ ರುಚಿ ಬಂದಂತೆ ಆಗುತ್ತಿದೆ. ಕಾಲೇಜು ಹಾಸ್ಟೆಲಿನ ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಸಹಿ ಹಾಕಿ ಅದೇ ಲಾರಿಯಲ್ಲಿ ವಾಪಸ್ ಕಳಿಸು.

ಗುರುವಾರ

ಕ್ಯಾಂಪಿನ ಲಾರಿ ನಿನ್ನೆ ಬರಲಿಲ್ಲ. ಇವತ್ತು ಬರುತ್ತದಂತೆ. ಬರದಿದ್ದದ್ದೇ ಒಳ್ಳೆಯದಾಯಿತು ಅಮ್ಮಾ.

ಬೆಳಿಗ್ಗೆ ಚಪ್ಪಲಿ ಹಾಕದೆ, ಸದ್ದಿಲ್ಲದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಅತ್ತೆಯ ಮುಂದೆ ನನ್ನ ಗಂಜಿ. ಪಕ್ಕದಲ್ಲಿ, ಹಿಂದಿನ ದಿನ ನಾನು ಬೇಡ ಎಂದದ್ದೆಲ್ಲ ಸಾಲಾಗಿ ಇತ್ತು: ಸಿಹಿ ಹಾಲಿನ ಕಾಫಿ, ಕೇಕಿನ ತುಂಡು, ತಾಳೆಬೆಲ್ಲದ ಪಾಕ. ಒಂದೊಂದರಿಂದಲೂ ಒಂದೊಂದು ಚಮಚ ತೆಗೆದು ಗಂಜಿಗೆ ಹಾಕಿ, ಪ್ರತಿ ಸಲವೂ ನನ್ನ ಹೆಸರು ಹೇಳಿ ಕಲಸುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಂಗ್ಲಿಷಿನಲ್ಲಿ ಏನೇನೋ ಕೂಗಿದೆ, ಕೊನೆಗೆ ನಮ್ಮ ಮಾತಿನಲ್ಲೇ "ನನ್ನನ್ನ ಕೊಲ್ಬೇಕೂಂತ ಇದ್ದೀರಾ?" ಎಂದೆ. ಅತ್ತೆಯ ಕೈಯಿಂದ ಚಮಚ ಬಿತ್ತು. "ಕೊಲ್ಲೋದಾ? ಉಳಿಸ್ಕೊಳ್ಳೋಕೆ ಕಣೇ ಇದು!" ಎಂದು ಅವರೂ ಕೂಗಿದರು.

ಪುನಿ, ಅಮ್ಮಾ, ನಮ್ಮವರ ಆ ಹಳೆಯ ನಂಬಿಕೆ. ಅದೇ ವಿಷಯ. ನಿನಗೆ ಗೊತ್ತಿರುತ್ತದೆ, ಏಳನೇ ವಯಸ್ಸಿನಿಂದ ಹಾಸ್ಟೆಲಿನ ಕ್ಯೂನಲ್ಲಿ ತಟ್ಟೆ ಹಿಡಿದು ಬೆಳೆದ ನನಗೆ ಆ ಹೆಸರಷ್ಟೇ ಗೊತ್ತಿತ್ತು. ಕೊಟ್ಟದ್ದನ್ನು ತಿನ್ನದೆ, ಬೆರಳನ್ನೂ ತಾಗಿಸದೆ ಎದ್ದುಹೋದವರಿಗೆ ದಾರಿಯಲ್ಲಿ ಕೇಡು ಕಾದಿರುತ್ತದಂತೆ. "ನೀನು ಹೋಗೋದು ಸ್ಕೂಟರಲ್ಲಿ, ಆ ರಸ್ತೇಲಿ ಮರದ ಲಾರಿಗಳು" ಎಂದು ಅತ್ತೆ ಲೆಕ್ಕ ಒಪ್ಪಿಸಿದರು. ನಾನು ಬೇಡ ಎಂದದ್ದರಲ್ಲಿ ಒಂದೊಂದು ಚಮಚವಾದರೂ ನನ್ನ ಹೊಟ್ಟೆಗೆ ಸೇರಿದರೆ ಕೇಡು ತಪ್ಪುತ್ತದೆ, ಅಷ್ಟೇ ಅವರ ಲಾಜಿಕ್. ಹನ್ನೊಂದು ವಾರ, ದಿನವೂ! ನಾನು ರಿಪೋರ್ಟ್ ತಂದು ಮೇಜಿನ ಮೇಲೆ ಬಡಿದೆ. ಮಾವ ಓದಿ ಅರ್ಥ ಹೇಳಿದರು. ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಇನ್ನೊಂದ್ಸಲನೂ ನನ್ನ ಕೈಯಿಂದಾನಾ?" ಎಂದರು, ಮಾವನನ್ನು ನೋಡಿ.

ಇನ್ನೊಂದು ಸಲ ಎಂದರೆ? ಅತ್ತೆ ಕೋಣೆಗೆ ಹೋದ ಮೇಲೆ ಮಾವ ಮೆಟ್ಟಿಲ ಮೇಲೆ ಕೂತು ಹೇಳಿದರು. ಒಂಬತ್ತು ವರ್ಷದ ಹಿಂದೆ, ಆ ದಿನ ಬೆಳಿಗ್ಗೆ ಅಪ್ಪ ಹೊರಟದ್ದು ಇದೇ ಅಡುಗೆಮನೆಯಿಂದಂತೆ. ಅತ್ತೆ ಕಾಫಿ ಇಟ್ಟು ಬಿಸ್ಕತ್ತಿನ ಡಬ್ಬಿ ತೆಗೆಯಲು ತಿರುಗಿದರಂತೆ; ಮತ್ತೆ ಈ ಕಡೆ ತಿರುಗಿದಾಗ ಲೋಟ ತುಂಬಿದ ಹಾಗೇ ಇತ್ತು, ಅಪ್ಪ ಇರಲಿಲ್ಲ. ಮಾವ ಅಪ್ಪನ ದೋಣಿಗೆ ಸಾಮಾನು ತುಂಬುತ್ತ ನದಿಯ ಹತ್ತಿರ ಇದ್ದರಂತೆ. ಮಧ್ಯಾಹ್ನದೊಳಗೆ ಸುದ್ದಿ ಬಂತು. ಪ್ರವಾಹದಲ್ಲಿ ತೇಲಿ ಬಂದ ಮರದ ದಿಮ್ಮಿಗೆ ದೋಣಿ ಬಡಿಯಿತು ಎಂದಷ್ಟೇ ನಮ್ಮ ವಾರ್ಡನ್ ನನಗೆ ಹೇಳಿದ್ದರು. ಕಾಫಿಯ ವಿಷಯ ನನಗೆ ಯಾರೂ ಹೇಳಿರಲಿಲ್ಲ. "ಕಾಫಿ ಬೇಗ ಇಡಬೇಕಿತ್ತು, ಕರೆದು ನಿಲ್ಲಿಸಬೇಕಿತ್ತು ಅಂತ ಇವತ್ತಿಗೂ ಹೇಳ್ತಾಳೆ" ಎಂದರು ಮಾವ.

ನಾನು ಇದನ್ನು ನಂಬುವುದಿಲ್ಲ. ದಿಮ್ಮಿಗೂ ಕಾಫಿಗೂ ಸಂಬಂಧವಿಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಕಾಲೇಜಿಗೆ ಹೊರಡುವಾಗ ಅತ್ತೆ ತಟ್ಟೆ ತರಲಿಲ್ಲ, ಗೋಡೆ ನೋಡಿಕೊಂಡು ನಿಂತಿದ್ದರು. ನಾನೇ ಹೋಗಿ ಕೇಕಿನ ಅಂಚಿಗೆ ಬೆರಳು ತಾಗಿಸಿ, ಆ ಬೆರಳನ್ನು ತುಟಿಗೆ ತಾಗಿಸಿಕೊಂಡೆ. ಒಂದು ಚೂರೂ ಒಳಗೆ ಹೋಗಲಿಲ್ಲ. "ಇಷ್ಟು ಸಾಕಾ ಅತ್ತೆ?" ಎಂದೆ. "ಇಷ್ಟೇ ಕಣೇ ನಾನು ಹನ್ನೊಂದು ವಾರದಿಂದ ಬಡ್ಕೊಂಡಿದ್ದು, ದಡ್ಡಿ" ಎಂದು ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡರು. ಹಾಸ್ಟೆಲಿನ ಅರ್ಜಿಯನ್ನು ಲಕೋಟೆಯಿಂದ ತೆಗೆದಿದ್ದೇನೆ. ಆದರೂ ಪೂರ್ತಿ ನಂಬಿಕೆ ಬಂದಿಲ್ಲ ಅಮ್ಮಾ. ಓಟ್ಸ್ ಡಬ್ಬಿ ಈಗ ನನ್ನ ಮಂಚದ ಕೆಳಗಿದೆ, ಗಂಜಿ ನಾನೇ ಬೇಯಿಸುತ್ತೇನೆ ಎಂದು ಒಪ್ಪಿಸಿದ್ದೇನೆ.

ಮಾವ ನಿನ್ನನ್ನು ಕೇಳಿದ್ದಾಗಿ ಬರೆಯಲು ಹೇಳಿದರು. ಅತ್ತೆ ಉಪ್ಪು ಹಾಕಿದ ಮೀನು ಕಟ್ಟಿ ಕಳಿಸುತ್ತಿದ್ದಾರೆ. ಮಂಡಿಗೆ ಬಿಸಿ ನೀರಿನ ಶಾಖ ಕೊಟ್ಟುಕೋ. ದೇವರು ನಿನ್ನನ್ನು ಆ ಕಾಡಿನಲ್ಲಿ ಕಾಯಲಿ.

ನಿನ್ನ ಮಗಳು,
ಲೆಮಿಯಾ

ತಾ.ಕ.: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ಆ ಅಡುಗೆಮನೆಯಲ್ಲಿ ಇದ್ದವರು ಮೂವರೇ ಎಂದು ಮಾವ ಹೇಳಿದರು. ಅತ್ತೆ ಬೆನ್ನು ತಿರುಗಿಸಿದ್ದರು. ಅಪ್ಪನ ಎದುರಿಗೆ ಕೂತಿದ್ದವಳು ನೀನು. ಅಪ್ಪ ಲೋಟಕ್ಕೆ ಬೆರಳು ತಾಗಿಸಿದ್ದನೋ ಇಲ್ಲವೋ ಎಂದು ನೀನು ನೋಡಿರಲೇಬೇಕು. ಒಂಬತ್ತು ವರ್ಷ ಅವರು ಕೇಳಿಲ್ಲ, ನೀನು ಹೇಳಿಲ್ಲ. ಅವತ್ತಿನಿಂದ ನೀನು ಈ ಮನೆಯ ಮೆಟ್ಟಿಲು ಹತ್ತದಿರುವುದನ್ನೇ ಅವರು 'ತಾಗಿಸಿರಲಿಲ್ಲ' ಎಂಬ ಉತ್ತರ ಎಂದುಕೊಂಡಿದ್ದಾರೆ. ಇಷ್ಟು ವರ್ಷ ನೀನು ಅವರನ್ನು ಬೇಕೆಂದೇ ಹಾಗೆ ಬಿಟ್ಟಿದ್ದೀಯೇನೋ ಎಂದು ನನಗೂ ಅನುಮಾನ. ನನಗೆ ಬರೆಯಬೇಡ, ಅತ್ತೆಗೆ ಬರೆ. ತಾಗಿಸಿದ್ದರೆ ತಾಗಿಸಿದ್ದ ಎಂದು ಬರೆ. ತಾಗಿಸಿರದಿದ್ದರೂ ತಾಗಿಸಿದ್ದ ಎಂದೇ ಬರೆ.